ಕೋವಿಡ್ ಕಾಲದ ತೆರಿಗೆ ಬಾಕಿ, ಫೋರ್ಟ್‌ನ ಒಂದು ಸಲಹಾ ಕಚೇರಿ ಮತ್ತು ನಮ್ಮ ಮೂರು ಕಡತಗಳು

ಮುಂಬಯಿಯ ಫೋರ್ಟ್‌ನಲ್ಲಿ, ಬೋರಾ ಬಜಾರಿನ ಒಂದು ಹಳೆಯ ಕಟ್ಟಡದ ಎರಡನೆಯ ಮಹಡಿಯಲ್ಲಿರುವ ತೆರಿಗೆ ಸಲಹಾ ಕಚೇರಿಯೊಂದರ ಜೊತೆ 2020ರಿಂದ 2022ರವರೆಗೆ ನಮ್ಮ ಕುಟುಂಬ ನಡೆಸಿದ ವ್ಯವಹಾರದ ಕುರಿತು ಇಲ್ಲಿ ಬರೆಯುತ್ತಿದ್ದೇನೆ. ಮೆಚ್ಚುಗೆಯ ಜೊತೆಗೆ ಒಂದು ದೂರೂ ಇರುವುದರಿಂದ ಕಚೇರಿಯ ಹೆಸರನ್ನು ಬರೆದಿಲ್ಲ. ಅದನ್ನು ನಡೆಸುವ ಹಿರಿಯರನ್ನು ನಾವೆಲ್ಲ ರಾಯರೆಂದೇ ಕರೆಯುವುದರಿಂದ ಇಲ್ಲಿಯೂ ಹಾಗೆಯೇ ಕರೆಯುತ್ತೇನೆ.

ಘಾಟ್ಕೋಪರಿನಲ್ಲಿ ತಂದೆಯವರು ನಡೆಸುತ್ತಿದ್ದ ಸಣ್ಣ ಹೋಟೆಲಿಗೆ 2015-16ನೆಯ ಸಾಲಿನ ವ್ಯಾಟ್, ಅಂದರೆ ಜಿಎಸ್‌ಟಿಗೆ ಮೊದಲಿದ್ದ ರಾಜ್ಯದ ಮಾರಾಟ ತೆರಿಗೆಯ ಸಂಬಂಧವಾಗಿ ಅಸೆಸ್‌ಮೆಂಟ್ ಆರ್ಡರ್ (ತೆರಿಗೆ ನಿರ್ಧಾರದ ಆದೇಶ) ಬಂದದ್ದು 2020ರ ಮಾರ್ಚ್ 2ರಂದು. ತೆರಿಗೆ, ಬಡ್ಡಿ, ದಂಡ ಎಲ್ಲ ಸೇರಿ 3,86,000 ರೂಪಾಯಿ ಕಟ್ಟಬೇಕೆಂದು ಅದರಲ್ಲಿತ್ತು. ವಿಚಾರಣೆಯ ನೋಟಿಸು ಯಾರ ಕೈಗೂ ಸಿಕ್ಕಿರಲಿಲ್ಲವಾದ್ದರಿಂದ ಆದೇಶ ಏಕಪಕ್ಷೀಯವಾಗಿಯೇ ಆಗಿತ್ತು. ಮೂರು ವಾರಗಳಲ್ಲಿ ಹೋಟೆಲು ಮುಚ್ಚಿತು, ಲೋಕಲ್ ರೈಲು ನಿಂತಿತು, ಕೆಲಸದ ಹುಡುಗರು ಕುಂದಾಪುರ, ಕಾರ್ಕಳದ ಕಡೆ ಹೋಗುವ ಬಸ್ಸು ಹುಡುಕತೊಡಗಿದರು. ಬ್ಯಾಂಕ್ ಖಾತೆ ಜಪ್ತಿಯಾಗುವ ಮೊದಲು ಸಾಲ ಮಾಡಿಯಾದರೂ ಪೂರ್ತಿ ಕಟ್ಟಿಬಿಡಿ ಎಂದು ನಮ್ಮ ಹಳೆಯ ಲೆಕ್ಕಪತ್ರದವರು ಹೆದರಿಸಿದ್ದರು.

ರಾಯರು ಮೊದಲು ಕೇಳಿದ್ದು ಆದೇಶವನ್ನಲ್ಲ, ಅದು ಬಂದ ಲಕೋಟೆಯನ್ನು. ತಂದೆಯವರು ಅದರ ಬೆನ್ನಿನ ಮೇಲೆ ಪೆನ್ಸಿಲಿನಲ್ಲಿ ಹಾಲಿನ ಲೆಕ್ಕ ಬರೆದಿಟ್ಟಿದ್ದರು. ಅದರ ಎರಡೂ ಬದಿಯ ಫೋಟೋ ವಾಟ್ಸ್ಯಾಪಿನಲ್ಲಿ ಕಳಿಸಿದ ಐದು ನಿಮಿಷಕ್ಕೆ ಫೋನ್ ಬಂತು: "ಶೆಟ್ರೇ, ಹಾಲಿನ ಲೆಕ್ಕ ಇರಲಿ, ಈ ಲಕೋಟೆಯನ್ನು ಮಾತ್ರ ಬಿಸಾಡಬೇಡಿ. ಅಂಚೆ ಮುದ್ರೆಯ ತಾರೀಕೇ ನಮ್ಮನ್ನು ಉಳಿಸುವುದು." ಮೇಲ್ಮನವಿಗೆ ಆದೇಶ ಕೈಸೇರಿದಂದಿನಿಂದ 60 ದಿನಗಳ ಅವಕಾಶವಿತ್ತು. ಆ ಅವಧಿ ಮೇ 1ಕ್ಕೆ ಮುಗಿಯಬೇಕಿತ್ತು. ಆದರೆ ಸುಪ್ರೀಂ ಕೋರ್ಟು ಮಾರ್ಚ್ 23ರಂದು ಸ್ವಯಂಪ್ರೇರಿತವಾಗಿ ನೀಡಿದ ಆದೇಶದಲ್ಲಿ ಮಾರ್ಚ್ 15ರಿಂದಾಚೆಗಿನ ಕಾಲಮಿತಿಗಳನ್ನು ವಿಸ್ತರಿಸಿತ್ತು. ಮಾರ್ಚ್ 15ರಂದು ನಮ್ಮ ಅವಧಿ ಇನ್ನೂ ಮುಗಿದಿರಲಿಲ್ಲವೆಂಬುದನ್ನು ತೋರಿಸಲು ಆ ಲಕೋಟೆ ಬೇಕಾಗಿತ್ತು. ಹೀಗೆ ಅವಸರವಿಲ್ಲದೆ, ಹೋಟೆಲುಗಳಿಗೆ ಅರ್ಧ ಆಸನಗಳೊಂದಿಗೆ ತೆರೆಯಲು ಅಕ್ಟೋಬರ್ 5ರಂದು ಅನುಮತಿ ಸಿಕ್ಕಿ ಗಲ್ಲಾಪೆಟ್ಟಿಗೆಗೆ ನಾಲ್ಕು ಕಾಸು ಬೀಳತೊಡಗಿದ ಮೇಲೆ, ಬಡ್ಡಿ, ದಂಡ ಬಿಟ್ಟು ವಿವಾದಿತ ತೆರಿಗೆಯೊಂದರ ಶೇಕಡಾ 10ರಂತೆ 21,000 ರೂಪಾಯಿ ಕಟ್ಟಿ ಮೇಲ್ಮನವಿ ಹಾಕಿದೆವು.

ಇದರ ಮುಂದಿನ ಭಾಗವೇ ಈ ಕಚೇರಿಯ ನಿಜವಾದ ಗುಣವನ್ನು ತೋರಿಸಿತು. ಬೇರೆ ಯಾರಾದರೂ ಆಗಿದ್ದರೆ ಮೇಲ್ಮನವಿಯ ಒಂದೊಂದು ವಿಚಾರಣೆಗೂ ಮಜಗಾಂವಿನ ತೆರಿಗೆ ಭವನಕ್ಕೆ ಹೋಗಿಬಂದ ಖರ್ಚು ಬರೆಯುತ್ತಿದ್ದರು. ರಾಯರು ಕಾಯಲು ಹೇಳಿದರು. ರಾಜ್ಯವು 2019ರಲ್ಲಿ ಒಮ್ಮೆ ಬಾಕಿ ಇತ್ಯರ್ಥದ ಯೋಜನೆ ತಂದಿತ್ತು, ಖಜಾನೆ ಬರಿದಾದಾಗ ಇನ್ನೊಮ್ಮೆ ತಂದೀತು ಎಂಬುದು ಅವರ ಅಂದಾಜು. ಮಹಾರಾಷ್ಟ್ರ ಸರ್ಕಾರವು 2022ರ ಏಪ್ರಿಲ್ 1ರಿಂದ ಸೆಪ್ಟೆಂಬರ್ 30ರವರೆಗೆ, ಜಿಎಸ್‌ಟಿಗೆ ಮೊದಲಿನ, ಅಂದರೆ 2017ರ ಜೂನ್ 30ರವರೆಗಿನ ತೆರಿಗೆ ಬಾಕಿಗಳಿಗೆ ಅಭಯ ಯೋಜನೆಯನ್ನು ತಂದೇಬಿಟ್ಟಿತು. ಆದೇಶವೊಂದರ ಬಾಕಿ 10 ಲಕ್ಷ ರೂಪಾಯಿಯೊಳಗಿದ್ದರೆ ಒಟ್ಟು ಮೊತ್ತದ ಶೇಕಡಾ 20ನ್ನು ಒಂದೇ ಕಂತಿನಲ್ಲಿ ಕಟ್ಟಿದರೆ ಸಾಕು, ಉಳಿದದ್ದು ಮನ್ನಾ. 21,000 ಕಳೆದು ಉಳಿದ 3,65,000ಕ್ಕೆ ನಾವು ಕಟ್ಟಿದ್ದು 73,000 ರೂಪಾಯಿ. ಅದಕ್ಕಾಗಿ ಮೇಲ್ಮನವಿಯನ್ನು ಹಿಂತೆಗೆದುಕೊಳ್ಳಬೇಕಾಯಿತು. ಗೆಲ್ಲುವ ಮೊಕದ್ದಮೆಯನ್ನು ಬಿಟ್ಟುಕೊಟ್ಟೆವೆಂದು ತಂದೆಯವರು ಸ್ವಲ್ಪ ದಿನ ಗೊಣಗಿದರು. ನನಗೆ ಹಾಗನ್ನಿಸಲಿಲ್ಲ; ಬಿಲ್ಲು ಪುಸ್ತಕಗಳಲ್ಲಿ ಅರ್ಧ 2017ರ ಮಳೆಯಲ್ಲಿ ನೆನೆದು ಹೋಗಿದ್ದವು.

ಹೋಟೆಲು ಮುಚ್ಚಿದ್ದರೂ ಮಾಲೀಕರು ವರ್ಷಕ್ಕೆ 2,500 ರೂಪಾಯಿಯ ರಾಜ್ಯದ ವೃತ್ತಿ ತೆರಿಗೆಯನ್ನು ಕಟ್ಟಲೇಬೇಕು, ಅದು ಆದಾಯವನ್ನು ನೋಡಿ ಹಾಕುವ ತೆರಿಗೆಯಲ್ಲ ಎಂಬುದನ್ನು ಸಹ ರಾಯರೇ ನೆನಪಿಸಿದರು. ಇಂಥ ಸಣ್ಣ ಬಾಕಿಗಳೇ ಮುಂದೆ ಬಡ್ಡಿ ಸೇರಿಸಿಕೊಂಡು ದೊಡ್ಡದಾಗುತ್ತವೆ.

ಇನ್ನು ದೂರಿನ ವಿಷಯ. ದುಬೈಯಲ್ಲಿ ಕೆಲಸದಲ್ಲಿರುವ ನನ್ನ ಅಣ್ಣ 2020ರ ಮಾರ್ಚ್ 8ರಂದು ಎರಡು ವಾರದ ರಜೆಗೆ ಬಂದವರು ಮಾರ್ಚ್ 22ಕ್ಕೆ ಅಂತರರಾಷ್ಟ್ರೀಯ ವಿಮಾನಗಳು ನಿಂತದ್ದರಿಂದ ಇಲ್ಲಿಯೇ ಉಳಿದರು. ಅಲ್ಲಿನ ನಿವಾಸಿಗಳು ಹಿಂದಿರುಗಲು ಜುಲೈಯಲ್ಲಿ ವಿಶೇಷ ವ್ಯವಸ್ಥೆಯಾದಾಗ, 18ನೆಯ ತಾರೀಕು ಹೋದರು. ಸಾಲೊಂದರಲ್ಲಿ ಮಿತಿಗಿಂತ ಹೆಚ್ಚು ದಿನ ಉಳಿದು ಇಲ್ಲಿನ ನಿವಾಸಿ ಎಂದಾಗಿಬಿಟ್ಟರೆ ದುಬೈಯ ಸಂಬಳಕ್ಕೂ ಇಲ್ಲಿ ತೆರಿಗೆ ಬೀಳುತ್ತದೆಯೇ ಎಂಬುದು ಅವರ ಚಿಂತೆ. ರಾಯರು ಪಾಸ್‌ಪೋರ್ಟಿನ ಪ್ರತಿಗಳನ್ನು ಮೇಜಿನ ಮೇಲೆ ಹರಡಿ, ಮರದ ಸ್ಕೇಲಿನಿಂದ ಹಳೆಯ ಡೈರಿಯ ಹಾಳೆಗೆ ಗೆರೆ ಎಳೆದು, ಮುದ್ರೆಯ ಮೇಲಿನ ತಾರೀಕುಗಳನ್ನು ಒಂದೊಂದಾಗಿ ಓದಿ ಬರೆದುಕೊಂಡರಂತೆ. ಬಂದ ದಿನ, ಹೋದ ದಿನ ಎರಡನ್ನೂ ಲೆಕ್ಕಕ್ಕೆ ಹಿಡಿಯುವುದು ಅವರ ಪದ್ಧತಿ. ಅದು ನಮಗೆ ನಷ್ಟದ ಕಡೆಗಿನ ಲೆಕ್ಕವಾದರೂ ಮುಂದೆ ಯಾರೂ ಪ್ರಶ್ನಿಸಲಾರರು. ಏಪ್ರಿಲ್ 1ರಿಂದ ಜುಲೈ 18ರವರೆಗೆ 109 ದಿನಗಳಾದವು.

ಮಾರ್ಚ್ 22ರಿಂದ 31ರವರೆಗಿನ ಹತ್ತು ದಿನಗಳನ್ನು 2019-20ನೆಯ ಸಾಲಿನ ಲೆಕ್ಕದಿಂದ ಬಿಡಬಹುದೆಂದು ನೇರ ತೆರಿಗೆ ಮಂಡಳಿ 2020ರ ಮೇ 8ರ ಸುತ್ತೋಲೆಯಲ್ಲಿ ಹೇಳಿತ್ತು. ಆ ವರ್ಷ ಅಣ್ಣ ಇಲ್ಲಿದ್ದದ್ದೇ ಕಡಿಮೆಯಾದ್ದರಿಂದ ಅದು ನಮಗೆ ಬೇಕಾಗಲಿಲ್ಲ. ಮರುವರ್ಷಕ್ಕೆ ಅಂಥ ರಿಯಾಯಿತಿ ಸಿಗಲಿಲ್ಲ. 2021ರ ಮಾರ್ಚ್ 3ರ ಸುತ್ತೋಲೆಯು ದಿನಗಳನ್ನು ಬಿಡದೆ, ಎರಡು ದೇಶಗಳಲ್ಲಿಯೂ ತೆರಿಗೆ ಬೀಳುವಂಥವರು ಮಾರ್ಚ್ 31ರೊಳಗೆ ನಮೂನೆಯೊಂದನ್ನು ತುಂಬಿ ತಿಳಿಸಬೇಕೆಂದಷ್ಟೇ ಹೇಳಿತು.

2020ರ ಡಿಸೆಂಬರಿನಲ್ಲಿ ರಾಯರಿಗೇ ಕೋವಿಡ್ ಆಯಿತು. ಜನವರಿಯಲ್ಲಿ ಉಡುಪಿಯಲ್ಲಿ ನಡೆಯಲಿದ್ದ ಸೋದರತ್ತೆಯ ಮಗಳ ಮದುವೆಗೆ ಇಪ್ಪತ್ತು ದಿನ ಬಂದುಹೋಗಬಹುದೇ ಎಂದು ಅಣ್ಣ ಕಚೇರಿಗೆ ಕೇಳಿದಾಗ ಫೋನ್ ಎತ್ತಿದ ಸಹಾಯಕರು, ಈಗ ಮಿತಿ 120 ದಿನ, 109ಕ್ಕೆ 20 ಸೇರಿದರೆ 129 ಆಗುತ್ತದೆ, ಬರಲೇಬೇಡಿ ಎಂದುಬಿಟ್ಟರು. ಅಣ್ಣ 11,000 ರೂಪಾಯಿ ಕಳೆದುಕೊಂಡು ಟಿಕೆಟ್ ರದ್ದು ಮಾಡಿದರು. ಧಾರೆಯನ್ನು ಮೊಬೈಲಿನಲ್ಲಿ ನೋಡಿದರು. ಫೆಬ್ರವರಿಯಲ್ಲಿ ಚೇತರಿಸಿಕೊಂಡ ರಾಯರು ಕಡತ ತೆರೆದು ಕೇಳಿದ ಮೊದಲ ಪ್ರಶ್ನೆ, ಅಣ್ಣನ ಭಾರತದ ಆದಾಯ ಎಷ್ಟು ಎಂಬುದು. ಎರಡು ಅಂಗಡಿಗಳ ಬಾಡಿಗೆ ಮತ್ತು ಠೇವಣಿಯ ಬಡ್ಡಿ ಸೇರಿ 9 ಲಕ್ಷದಷ್ಟು. ವಿದೇಶದಲ್ಲಿ ನೆಲೆಸಿ ಭೇಟಿಗೆ ಬರುವ ಭಾರತೀಯ ಪ್ರಜೆಗೆ 120 ದಿನಗಳ ಮಿತಿ ಅನ್ವಯಿಸುವುದು ಭಾರತದ ಆದಾಯ 15 ಲಕ್ಷ ಮೀರಿದಾಗ ಮಾತ್ರ, ಅದೂ ಹಿಂದಿನ ನಾಲ್ಕು ವರ್ಷಗಳಲ್ಲಿ ಒಟ್ಟು 365 ದಿನ ಇಲ್ಲಿದ್ದಿದ್ದರೆ. ಉಳಿದವರಿಗೆ ಮಿತಿ 182 ದಿನವೇ. ಅಣ್ಣ ಮದುವೆಗೆ ಬಂದು, ಪಾಯಸ ಉಂಡು, ಇನ್ನೂ ಒಂದು ತಿಂಗಳು ಇದ್ದು ಹೋಗಿದ್ದರೂ ಅನಿವಾಸಿಯಾಗಿಯೇ ಉಳಿಯುತ್ತಿದ್ದರು.

ರಾಯರು ತಪ್ಪನ್ನು ಒಪ್ಪಿಕೊಂಡು ಆ ಕಡತದ 5,000 ರೂಪಾಯಿ ಶುಲ್ಕವನ್ನು ಬಿಟ್ಟುಬಿಟ್ಟರು. ಅದು ದೊಡ್ಡತನವೇ ಸರಿ, ಆದರೆ ಸಹಾಯಕರ ಸಲಹೆ ಬರವಣಿಗೆಯಲ್ಲಿ ಇಲ್ಲದ್ದರಿಂದಲೇ ಅದನ್ನು ಯಾರೂ ಸಮಯಕ್ಕೆ ತಿದ್ದಲಾಗಲಿಲ್ಲ. ಮೇಲ್ಮನವಿಯಲ್ಲಿ ಅಂಚೆ ಮುದ್ರೆಯನ್ನೂ ಬಿಡದ ಕಚೇರಿ, ನಿವಾಸದಂಥ ಪ್ರಶ್ನೆಗೆ ಫೋನಿನಲ್ಲಿ ಉತ್ತರ ಕೊಡುವುದು ನನಗೆ ಸರಿಕಾಣಲಿಲ್ಲ.

ಮೂರನೆಯ ಕಡತ ತಮ್ಮನದು. ಅಂಧೇರಿಯ ಕಂಪನಿಗೆ ಹದಿನಾಲ್ಕು ತಿಂಗಳು ಊರಿನ ಮನೆಯಿಂದ ಕೆಲಸ ಮಾಡಿದ ಅವನಿಗೆ ವೃತ್ತಿ ತೆರಿಗೆ ಮಹಾರಾಷ್ಟ್ರಕ್ಕೋ ಕರ್ನಾಟಕಕ್ಕೋ ಎಂಬ ಗೊಂದಲ. ನೇಮಕದ ಕಚೇರಿ ಇಲ್ಲಿಯೇ ಇದೆ, ಸಂಬಳದಿಂದ ವರ್ಷಕ್ಕೆ 2,500 ಇಲ್ಲಿ ಕಡಿತವಾಗುತ್ತಿದೆ, ಊರಿನಲ್ಲಿ ತಾತ್ಕಾಲಿಕವಾಗಿ ಕುಳಿತದ್ದರಿಂದ ಅಲ್ಲಿ ಆಗ ಇದ್ದ 2,400ನ್ನು ಮತ್ತೆ ಕಟ್ಟಬೇಕಾಗಿಲ್ಲ ಎಂಬುದು ರಾಯರ ಅಭಿಪ್ರಾಯ. ಇದನ್ನು ಅವರು ಅರ್ಧ ಪುಟದಲ್ಲಿ ಬರೆದು ಸಹಿ ಹಾಕಿಯೇ ಕೊಟ್ಟರು. ನಮ್ಮಲ್ಲಿ ಸಂಬಳದ ಮೇಲಿನ ಆದಾಯ ತೆರಿಗೆ ಕೇಂದ್ರದ್ದೊಂದೇ ಆದ್ದರಿಂದ ಈ ಜಗಳ ಎರಡು ಮೂರು ಸಾವಿರ ರೂಪಾಯಿಗಳಲ್ಲಿ ಮುಗಿಯುತ್ತದೆ. ನ್ಯೂಜೆರ್ಸಿಯ ಮನೆಯಲ್ಲಿ ಕುಳಿತು ನ್ಯೂಯಾರ್ಕಿನ ಕಂಪನಿಗೆ ದುಡಿದವರಿಂದ ನ್ಯೂಯಾರ್ಕ್ ರಾಜ್ಯ ಆದಾಯ ತೆರಿಗೆಯನ್ನೇ ಕೇಳುತ್ತದೆ.

ವ್ಯಾಟ್ ಕಡತಕ್ಕೆ ಎಲ್ಲ ಸೇರಿ 18,000 ರೂಪಾಯಿ ಶುಲ್ಕ ತೆಗೆದುಕೊಂಡರು, ರಸೀದಿ ಕೇಳುವ ಮೊದಲೇ ಕೊಟ್ಟರು. ಕನ್ನಡ, ತುಳು, ಮರಾಠಿ ಮೂರರಲ್ಲಿಯೂ ಮಾತನಾಡಬಹುದು. ಲಿಫ್ಟ್ ಇಲ್ಲದ್ದರಿಂದ ವಯಸ್ಸಾದವರು ಕಾಗದಗಳನ್ನು ಮಕ್ಕಳ ಕೈಯಲ್ಲಿ ಕಳಿಸುವುದೇ ಒಳ್ಳೆಯದು. ಹಳೆಯ ರಾಜ್ಯ ತೆರಿಗೆಯ ಬಾಕಿ ಇರುವವರಿಗೆ ಈ ಕಚೇರಿಯನ್ನು ಧೈರ್ಯವಾಗಿ ಹೇಳುತ್ತೇನೆ. ನಿವಾಸದ ಪ್ರಶ್ನೆ ಇರುವವರು ರಾಯರ ಕೈಬರಹದ ಉತ್ತರ ಸಿಗುವವರೆಗೆ ಟಿಕೆಟ್ ಮುಟ್ಟಬಾರದು. ಅಣ್ಣ ಈಗಲೂ ಊರಿಗೆ ಬರುವ ಮೊದಲು ಅಲ್ಲಿಗೇ ಫೋನ್ ಮಾಡುತ್ತಾರೆ, ಸಹಾಯಕರು ಎತ್ತಿದರೆ ಏನೂ ಹೇಳದೆ ಇಟ್ಟುಬಿಡುತ್ತಾರೆ.