ಜರ್ಮನ್ ಬಾಯಿಗೆ ಬರಬೇಕಾದ್ರೆ ಟಾಂಡೆಮ್ ಸೇರಿ

ಐದಕ್ಕೆ ನಾಲ್ಕೂವರೆ ಸ್ಟಾರ್. ಹಾಸನದಿಂದ ಜರ್ಮನಿಗೆ ಓದಲು ಹೊರಟಿರುವ ಪ್ರತಿಯೊಬ್ಬರಿಗೂ ನಾನು ಮೊದಲು ಹೇಳುವುದು ಇದನ್ನೇ.

ಟಾಂಡೆಮ್ ಅಂದ್ರೆ ಅಲ್ಲಿನ ಎಷ್ಟೋ ವಿಶ್ವವಿದ್ಯಾಲಯಗಳ ಭಾಷಾ ಕೇಂದ್ರಗಳು ನಡೆಸುವ ಜೋಡಿ ಕಲಿಕೆ. ನಿಮಗೆ ಜರ್ಮನ್ ಬೇಕು, ಅಲ್ಲಿಯವರೊಬ್ಬರಿಗೆ ಇಂಗ್ಲಿಷ್ ಬೇಕು. ಇಬ್ಬರನ್ನೂ ಸೇರಿಸಿಕೊಡುತ್ತಾರೆ. ಅರ್ಧ ಹೊತ್ತು ಜರ್ಮನ್, ಅರ್ಧ ಹೊತ್ತು ಇಂಗ್ಲಿಷ್. ನನಗೆ ಫೀಸೂ ಇರಲಿಲ್ಲ.

ಸಾಲಗಾಮೆ ರಸ್ತೆಯ ಪಕ್ಕದಲ್ಲೇ ಬೆಳೆದು, ಬಿ.ಇ. ಮುಗಿಸಿ ಬರ್ಲಿನ್‌ಗೆ ಹೋದವಳು ನಾನು. ಜರ್ಮನ್ ಕಲಿಸುವ ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಬಿ1, ಅಂದ್ರೆ ಮಧ್ಯಮ ಹಂತದ ಪರೀಕ್ಷೆ ಪಾಸಾಗಿತ್ತು. ಓದು, ಬರಹ, ಕೇಳುವುದು, ಮಾತು, ನಾಲ್ಕರಲ್ಲೂ ನೂರಕ್ಕೆ 60ರ ಮೇಲೆ. ಆದ್ರೂ ಬೇಕರಿಯಾಕೆ ಸರಸರ ಏನೋ ಕೇಳಿದರೆ ಬಾಯಿ ಕಟ್ಟುತ್ತಿತ್ತು. ನಾವು ತಡವರಿಸಿದ್ದೇ ತಡ, ಅವರು ಇಂಗ್ಲಿಷ್ ಶುರು ಮಾಡುತ್ತಾರೆ. ಕ್ಲಾಸು ಇಂಗ್ಲಿಷ್‌ನಲ್ಲಿ, ಹಾಸ್ಟೆಲ್ ಅಡುಗೆಮನೆಯಲ್ಲಿ ಹಿಂದಿ, ರಾತ್ರಿ ಅಮ್ಮನ ಫೋನು ಕನ್ನಡದಲ್ಲಿ. ಜರ್ಮನ್ ಆಡೋಕೆ ಜಾಗವೇ ಇಲ್ಲ.

ನನಗೆ ಸಿಕ್ಕ ಜೋಡಿ ರಸಾಯನಶಾಸ್ತ್ರ ಓದುತ್ತಿದ್ದ ಹುಡುಗಿ. ಕೆಫೆಯಲ್ಲಿ ಕೂತು ಹವ್ಯಾಸ, ಊರು, ಸಿನಿಮಾ ಅಂತ ಆಡಿದ ಮಾತು ಬೇಗ ಖಾಲಿಯಾಯಿತು. ನಾಲಿಗೆ ನಿಜವಾಗಿ ಹೊರಳಿದ್ದು ಅವಳಿಗೆ ಅಕ್ಕಿರೊಟ್ಟಿ ಕಲಿಸಿದ ದಿನ. ಬಿಸಿನೀರಲ್ಲಿ ಹಿಟ್ಟು ಕಲಸು, ಕೈಗೆ ಎಣ್ಣೆ ಸವರಿಕೋ, ತೆಳ್ಳಗೆ ತಟ್ಟು, ಅಂಚು ಬಿಡೋವರೆಗೂ ಮಗುಚಬೇಡ. ಎಲ್ಲವನ್ನೂ ಜರ್ಮನ್‌ನಲ್ಲೇ, ಅದೂ ರೊಟ್ಟಿ ಸೀಯುವ ಮೊದಲೇ ಹೇಳಬೇಕು! ಅವಳೋ ಪ್ರತಿಯೊಂದಕ್ಕೂ "ಯಾಕೆ?" ಅನ್ನುವವಳು. ಜರ್ಮನ್‌ನಲ್ಲಿ ಕಾರಣ ಹೇಳುವಾಗ ಸಾಮಾನ್ಯವಾಗಿ ಕ್ರಿಯಾಪದ ವಾಕ್ಯದ ಕೊನೆಗೆ ಹೋಗುತ್ತದೆ. ಇಂಗ್ಲಿಷ್‌ನಲ್ಲಿ ಯೋಚಿಸಿ ಹೇಳಿದರೆ ತೊಡಕು. ನಮಗೆ ಕನ್ನಡದಲ್ಲಿ ಅದೇ ರೂಢಿ ಅಲ್ವಾ, ಕನ್ನಡ ಮನಸ್ಸಲ್ಲಿಟ್ಟುಕೊಂಡರೆ ಎಷ್ಟೋ ಸಲೀಸು. ಒಲೆ ಮುಂದೆ ನಿಂತಾಗ ಇದು ಹೊಳೆದು ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಅರ್ಧ ಸ್ಟಾರ್ ಕಳೆದಿದ್ದು ಯಾಕಂದ್ರೆ, ಜೋಡಿ ಹೊಂದುವುದು ಅದೃಷ್ಟದ ಮಾತು. ನನ್ನ ಗೆಳತಿಗೆ ಸಿಕ್ಕವರು ಇಡೀ ಗಂಟೆ ಇಂಗ್ಲಿಷ್‌ನಲ್ಲೇ ಕಳೆಯುತ್ತಿದ್ದರು. ಹಾಗಾಗಿ ಗಡಿಯಾರ ನೋಡಿಯೇ ಭಾಷೆ ಬದಲಿಸಿ. ತಪ್ಪಾದರೆ ತಿದ್ದು ಅಂತ ಮೊದಲ ದಿನವೇ ಕೇಳಿಕೊಳ್ಳಿ. ಇಲ್ಲದಿದ್ದರೆ ಮರ್ಯಾದೆಗೆ ಸುಮ್ನೆ ತಲೆಯಾಡಿಸುತ್ತಾರೆ.

ಏನೂ ಕಲಿಯದೆ ಹೋದರೆ ಮಾತ್ರ ಇದು ಕಷ್ಟ. ಬಿ1 ಊರಲ್ಲೇ ಮುಗಿಸಿಕೊಳ್ಳಿ. "ಮಾಸ್ಟರ್ಸ್ ಇಂಗ್ಲಿಷ್‌ನಲ್ಲೇ ಇದೆಯಲ್ಲ" ಅನ್ನೋರು ಒಂದು ಯೋಚಿಸಿ: ಓದು ಮುಗಿದ ಮೇಲೆ ಕೆಲಸ ಹುಡುಕುತ್ತಾ ಅಲ್ಲಿ ಇರೋಕೆ ಅನುಮತಿ ಸಿಗೋದು ಹೆಚ್ಚೆಂದರೆ 18 ತಿಂಗಳು. ಆಗ ಭಾಷೆ ಕಲಿಯುತ್ತಾ ಕೂರಲು ಆಗಲ್ಲ. ಸೆಮಿಸ್ಟರ್ ಶುರುವಾಗೋದು ಅಕ್ಟೋಬರ್ ಇಲ್ಲವೇ ಏಪ್ರಿಲ್ ಹೊತ್ತಿಗೆ. ಆ ವಾರಗಳಲ್ಲೇ ಟಾಂಡೆಮ್‌ಗೆ ಹೆಸರು ಕೊಡಿ. ನಮ್ಮ ಇಂಗ್ಲಿಷ್ ಅವರಿಗೆ ಸಾಕಾಗುತ್ತೋ ಇಲ್ಲವೋ ಅಂತ ಹಿಂಜರಿಯಬೇಡಿ, ಧಾರಾಳವಾಗಿ ಸಾಕು.