ಎಲ್ ಡೊರಾಡೊ 15: ಮರದ ಭಟ್ಟಿಯ ರಮ್, ಮೇಲೊಂದಿಷ್ಟು ಸಕ್ಕರೆ

ದಕ್ಷಿಣ ಅಮೆರಿಕದ ಗಯಾನಾದಲ್ಲಿ ಡೆಮರಾರಾ ಡಿಸ್ಟಿಲರ್ಸ್ ತಯಾರಿಸುವ ಈ ರಮ್ಮಿಗೆ ಕೊಡುವ ದುಡ್ಡು ವಯಸ್ಸಿಗಿಂತ ಹೆಚ್ಚಾಗಿ ಭಟ್ಟಿಗೆ, ಅಂದರೆ ಮದ್ಯ ಬಟ್ಟಿ ಇಳಿಸುವ ಸಾಧನಕ್ಕೆ, ಸಲ್ಲುತ್ತದೆ. ಪೋರ್ಟ್ ಮೊರಾಂಟಿನ ಜೋಡಿ ಮರದ ಹಂಡೆ, ವರ್ಸೇಲ್ಸಿನ ಒಂಟಿ ಮರದ ಹಂಡೆ, ಎನ್ಮೋರಿನ ಮರದ ಕಾಫಿ ಭಟ್ಟಿ (ಕಾಫಿ ಎಂಬಾತನ ಹೆಸರಿನ ಕಂಬದಾಕಾರದ ಭಟ್ಟಿ): ಮೂರೂ ಗ್ರೀನ್‌ಹಾರ್ಟ್ ಎಂಬ ಗಟ್ಟಿ ಮರದವು, ಮೂರೂ ಒಂದೊಂದು ಕಬ್ಬಿನ ತೋಟದ ಹೆಸರು ಹೊತ್ತವು. ತೋಟಗಳ ರಮ್ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದಂತೆ ಇವು ಡೈಮಂಡ್ ಎಂಬಲ್ಲಿನ ಕಂಪನಿಯ ಕಾರ್ಖಾನೆಗೆ ಬಂದು ಸೇರಿದವು. ಪೋರ್ಟ್ ಮೊರಾಂಟ್ ಭಟ್ಟಿ 1732ರದ್ದು ಎಂದು ಕಂಪನಿ ಹೇಳುತ್ತದೆ. ಆದರೆ ಒಣಗಿದರೆ ಹಲಗೆ ಕುಗ್ಗಿ ಸೋರುತ್ತದೆ, ಕೊಳೆತದ್ದನ್ನು ಬದಲಿಸುತ್ತಲೇ ಇರಬೇಕು. ಹಾಗಾಗಿ ಅಷ್ಟು ಹಳೆಯ ಮರ ಎಷ್ಟು ಉಳಿದಿದೆಯೋ!

ಕಾಕಂಬಿ ಹುದುಗಿಸಿ ಬಟ್ಟಿ ಇಳಿಸಿದ ಮೇಲೆ ಓಕ್ ಪೀಪಾಯಿಯಲ್ಲಿ ಕನಿಷ್ಠ 15 ವರ್ಷ. ಅಲ್ಲಿನ ಸೆಕೆಗೆ ವರ್ಷಕ್ಕೆ ಸುಮಾರು 6% ಆವಿಯಾದರೂ ಕೊನೆಗೆ ಉಳಿಯುವುದು ಅರ್ಧಕ್ಕಿಂತ ಕಡಿಮೆ. ಮೂಗಿಗೆ ಮೊದಲು ಸಿಗುವುದು ಸೋಂಪು, ಜೇಷ್ಠಮಧು, ಆಗತಾನೆ ಕೆತ್ತಿದ ಪೆನ್ಸಿಲ್. ಅದೇ ಪೋರ್ಟ್ ಮೊರಾಂಟಿನ ಗುರುತು. ನಾಲಗೆಯ ಮೇಲೆ ಮಾತ್ರ ಅದು ಬೇಗ ಮಂಕಾಗುತ್ತದೆ. ಕಾರಣ ಆಮೇಲೆ ಬೆರೆಸಿದ ಸಕ್ಕರೆ: ದ್ರವದ ಸಾಂದ್ರತೆ ತೋರಿಸುವ ಹೈಡ್ರೋಮೀಟರ್ ಹಿಡಿದು ಅಳೆದವರಿಗೆ ಹಿಂದಿನ ಬಾಟಲಿಗಳಲ್ಲಿ ಲೀಟರಿಗೆ 20 ಗ್ರಾಂ ದಾಟಿ ಸಿಕ್ಕಿದೆ. ಪರೀಕ್ಷೆ ಸುಲಭ. ನಾಲ್ಕು ಹನಿ ಅಂಗೈಗೆ ಹಾಕಿ ಉಜ್ಜಿ, ಆರಲು ಬಿಡಿ. ಅಂಟಿದರೆ ಸಕ್ಕರೆ ಇದೆ.

ಲೇಬಲ್ಲಿನಲ್ಲಿ ಭಟ್ಟಿಗಳ ಹೆಮ್ಮೆ ಇದೆ, ತೋಟಗಳ ಕಥೆ ಇಲ್ಲ. ಈ ತೋಟಗಳಲ್ಲಿ ಮೊದಲು ದುಡಿದವರು ಆಫ್ರಿಕಾದ ಗುಲಾಮರು. 1838ರಿಂದ 1917ರವರೆಗೆ ಕರಾರು ಕೂಲಿಗಳಾಗಿ ಹಡಗು ಹತ್ತಿದ ಭಾರತೀಯರು 2 ಲಕ್ಷಕ್ಕೂ ಹೆಚ್ಚು. ಎನ್ಮೋರಿನಲ್ಲಿ 1948ರ ಜೂನ್ 16ರಂದು ಮುಷ್ಕರನಿರತ ಕಬ್ಬಿನ ಕಾರ್ಮಿಕರ ಮೇಲೆ ಪೊಲೀಸರು ಗುಂಡು ಹಾರಿಸಿ ಐವರನ್ನು ಕೊಂದರು. ಪೋರ್ಟ್ ಮೊರಾಂಟ್ ತೋಟದಲ್ಲಿ ಹುಟ್ಟಿದ ಛೇದಿ ಜಗನ್ 1953ರಲ್ಲಿ ಚುನಾವಣೆ ಗೆದ್ದು ಸರ್ಕಾರ ನಡೆಸಿದ್ದು 133 ದಿನ. ಗಯಾನಾ ಆಗ ಬ್ರಿಟಿಷ್ ವಸಾಹತು; ಬ್ರಿಟನ್ ಸೈನ್ಯ ಇಳಿಸಿ ಸಂವಿಧಾನವನ್ನೇ ಅಮಾನತಿನಲ್ಲಿಟ್ಟಿತು. ಮತ್ತೆ ಗೆದ್ದು ಬಂದ ಅವರನ್ನು ಅರವತ್ತರ ದಶಕದಲ್ಲಿ ಇಳಿಸಲು ಅಮೆರಿಕದ ಸಿಐಎ ಕೈಯಾಡಿಸಿತು. ಕ್ರಿಕೆಟ್ ಬಲ್ಲವರಿಗೆ ಪೋರ್ಟ್ ಮೊರಾಂಟ್ ಎಂದರೆ ವೆಸ್ಟ್ ಇಂಡೀಸ್ ಆಟಗಾರರಾದ ರೋಹನ್ ಕನ್ಹಾಯ್, ಬೇಸಿಲ್ ಬುಚರ್, ಜೋ ಸಾಲಮನ್ ಅವರ ಊರು. ಎನ್ಮೋರಿನ ಸಕ್ಕರೆ ಕಾರ್ಖಾನೆಯೂ 2017ರಲ್ಲಿ ಮುಚ್ಚಿತು, ಆದರೂ ಆ ಹೆಸರಿನ ರಮ್ ಮಾರುಕಟ್ಟೆಯಲ್ಲಿದೆ.

ಕುಡಿಯುವ ಕ್ರಮ: ಬಾಯಿ ಕಿರಿದಾದ ಲೋಟಕ್ಕೆ 30 ಮಿಲಿ, ಹತ್ತು ನಿಮಿಷ ಹಾಗೇ ಬಿಟ್ಟು ಒಂದು ಟೀಚಮಚ ನೀರು. 43%ರ ಬಾಟಲಿಯಾದರೆ ಮದ್ಯಸಾರ 37%ರ ಹತ್ತಿರ ಇಳಿಯುತ್ತದೆ, ಸೋಂಪಿನ ವಾಸನೆ ಬಿಚ್ಚಿಕೊಳ್ಳುತ್ತದೆ. ಐಸ್ ಹಾಕಿದರೆ ವಾಸನೆ ಅಡಗಿ ಸಿಹಿಯೊಂದೇ ಮುಂದೆ ನಿಲ್ಲುತ್ತದೆ.

ಭಟ್ಟಿಯ ರುಚಿಯೇ ಬೇಕೆಂದರೆ ಇದೇ ಕಂಪನಿಯ ಬಾಟಲಿಗಳಲ್ಲಿ 'ಪಿಎಂ' (ಪೋರ್ಟ್ ಮೊರಾಂಟ್) ಮುದ್ರೆಯ, ಆ ಒಂದೇ ಭಟ್ಟಿಯದ್ದನ್ನು ಹುಡುಕಿ. ಬೆಲೆ ಹೆಚ್ಚು, ಸಿಗುವುದೂ ಅಪರೂಪ. ಕೋಲಾ ಬೆರೆಸುವವರಿಗೆ 15 ದಂಡ, 5 ವರ್ಷದ್ದೇ ಸಾಕು.