ಮುಂಬೈಯ ಕಿರಿಯ ವಕೀಲರಿಗೆ: ಚೇಂಬರೋ, ಸಂಶೋಧನಾ ಸಂಸ್ಥೆಯೋ?

ವಸತಿ, ಕೂಲಿ, ಪಡಿತರದ ಹಕ್ಕುಗಳ ಅಧ್ಯಯನಕ್ಕೆ ಇಳಿಯುವವರು ಮೊದಲು ಸನದಿನ, ಅಂದರೆ ವಕಾಲತ್ತಿನ ಪರವಾನಗಿಯ, ಲೆಕ್ಕ ಹಾಕಿ. ಸಂಸ್ಥೆಯಲ್ಲಿ ಪೂರ್ಣಾವಧಿ ಸಂಬಳಕ್ಕೆ ಸೇರಿದರೆ ವಕಾಲತ್ತು ನಡೆಸುವಂತಿಲ್ಲ. ಬಾರ್ ಕೌನ್ಸಿಲ್‌ಗೆ ತಿಳಿಸಲೇಬೇಕು. ಹಲವರು ಎಡವುವುದು ಇಲ್ಲೇ. ಹಿರಿಯ ವಕೀಲರ ಚೇಂಬರಿನಲ್ಲಿ ಆ ತೊಡಕಿಲ್ಲ, ಆದರೆ ಆರಂಭದ ಸ್ಟೈಪೆಂಡು ಬಾಡಿಗೆಗೇ ಸಾಲದು. ಡೊಂಬಿವಲಿಯಲ್ಲಿ ಅಪ್ಪನ ಮನೆಯಿದ್ದರೆ ಮಾತು ಬೇರೆ.

ಕಲಿಕೆಯ ವಿಷಯ. ಸುಪ್ರೀಂ ಕೋರ್ಟಿನ 1985ರ ಓಲ್ಗಾ ಟೆಲ್ಲಿಸ್ ತೀರ್ಪು ಜೀವನೋಪಾಯವನ್ನು ಸಂವಿಧಾನದ 21ನೇ ವಿಧಿಯೊಳಗೆ, ಅಂದರೆ ಜೀವಿಸುವ ಹಕ್ಕಿನೊಳಗೆ, ತಂದಿತು, ಫುಟ್‌ಪಾತ್ ಗುಡಿಸಲುಗಳ ತೆರವಿಗೂ ದಾರಿ ಬಿಟ್ಟಿತು. ಹಕ್ಕಿಗೂ ಆದೇಶಕ್ಕೂ ನಡುವಿನ ಈ ಅಂತರ ಚೇಂಬರಿನಲ್ಲೇ ಚೆನ್ನಾಗಿ ಅರ್ಥವಾಗುವುದು: ನೋಟಿಸಿನ ತಾರೀಖು, ಹಳೆಯ ಮತದಾರರ ಪಟ್ಟಿ, ಫೋಟೋಪಾಸ್ (ಕೊಳೆಗೇರಿ ನಿವಾಸಿಯ ಗುರುತಿನ ಚೀಟಿ), ಒಂದು ಕಾಗದ ತಪ್ಪಿದರೂ ತಡೆಯಾಜ್ಞೆ ಕಷ್ಟ.

ಸಂಸ್ಥೆಯ ಬಲ ದತ್ತಾಂಶ. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ, ಉತ್ತರಕ್ಕೆ 30 ದಿನ. ಮಹಾರಾಷ್ಟ್ರದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಪ್ರಶ್ನೆಗಳನ್ನು ಬೇರೆ ಬೇರೆ ಅರ್ಜಿಗಳಾಗಿ ಒಡೆದು ಹಾಕಿ. ಕಲಬುರಗಿ, ವಿಜಯಪುರದಿಂದ ಬಂದ ಕಟ್ಟಡ ಕೂಲಿಗಳ ಸಂದರ್ಶನಕ್ಕೆ ನಿಮ್ಮ ಕನ್ನಡವೇ ಬಂಡವಾಳ. ಮರಾಠಿ ಓದಲು ಎರಡೂ ಕಡೆ ಬರಬೇಕು.

ಎರಡು ವರ್ಷ ಮನೆಯವರು ನಿಭಾಯಿಸಬಲ್ಲರಾದರೆ ಚೇಂಬರು. ತಿಂಗಳ ಕಂತು ತಲೆಯ ಮೇಲಿದ್ದರೆ ಸಂಸ್ಥೆ. ಆಗ ಯೋಜನೆಯ ಅನುದಾನ ಎಷ್ಟು ತಿಂಗಳಿಗಿದೆ ಎಂದು ಸೇರುವ ಮುನ್ನವೇ ಕೇಳಿಕೊಳ್ಳಿ.